ಒಗೆಯುವ ಕೋಣೆ

ಹುಡುಗರನ್ನು ನಾನು ಗುರುತಿಸುವುದು ಮುಖದಿಂದಲ್ಲ,
ಕೊಳೆಯಿಂದ.
ಎಡ ಮೊಣಕಾಲಿಗೆ ಮಾತ್ರ ಕೆಂಪುಮಣ್ಣು ಮೆತ್ತಿದ್ದರೆ ಶಾರ್ಟ್‌ಸ್ಟಾಪ್.
ಎದೆಯುದ್ದಕ್ಕೂ ಬಳಿದುಕೊಂಡು ಬಂದವನು
ಎರಡನೇ ಬೇಸು ಕದಿಯಲು ಹೋಗಿ ಸಿಕ್ಕಿಬಿದ್ದವನು.
ಕ್ಯಾಚರನ ಪ್ಯಾಂಟಿಗೆ ಎರಡು ಸಲ ಸೋಪು.
ಕೊಳೆಯೇ ಆಗದೆ ಬರುವ ಅಂಗಿ ಕಷ್ಟದ್ದು,
ವಾರವಿಡೀ ಬೆಂಚಿನ ಮೇಲೆ ಕೂತವನದು.
ಅದನ್ನೂ ಒಗೆಯುತ್ತೇನೆ, ಉಳಿದವುಗಳಷ್ಟೇ ಹೊತ್ತು.

ಇದು ಐಯೋವಾ. ಮೈದಾನದ ಬೇಲಿ ಮುಗಿದಲ್ಲಿ
ಮೆಕ್ಕೆಜೋಳ ಶುರು, ನದಿ ಸಿಗುವ ತನಕ.
ದೊಡ್ಡ ನಗರದ ತಂಡದವರು
ನಮ್ಮಂಥ ಊರುಗಳ ಆಟಕ್ಕೂ ಫಾರ್ಮ್ ಎಂದೇ ಹೆಸರಿಟ್ಟಿದ್ದಾರೆ.
ನನ್ನ ಗಂಡ ವೆಂಡೆಲ್ ಬೀಜದ ಕಂಪನಿಯಲ್ಲಿದ್ದವನು,
ಊಟಕ್ಕೆ ಕೂತಾಗ ಕೇಳುತ್ತಿದ್ದ:
"ಈ ಸಲ ಇಳುವರಿ ಹೇಗೆ, ಲುವೆಲ್ಲಾ?"
ಇಪ್ಪತ್ತೆಂಟು ಸಸಿಗೆ ಒಂದು ತೆನೆ ಅಂದರೆ ಒಳ್ಳೆಯ ವರ್ಷ.
"ಅಂಥ ಬೀಜ ಮಾರಿದ್ದರೆ
ನನ್ನನ್ನು ಜಿಲ್ಲೆ ದಾಟಿಸಿ ಅಟ್ಟಿಬಿಡುತ್ತಿದ್ದರು," ಅನ್ನುತ್ತಿದ್ದ,
ಅನ್ನುತ್ತಲೇ ಇನ್ನೊಂದು ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ.

ಎಲಿಯೇಸರ್ ಪನ್ಯಾಗ್ವಾ. ನಲವತ್ತೊಂದನೇ ನಂಬರು.
ದೊಮಿನಿಕನ್ನಿನ ಬಾನಿಯವನು, ಹತ್ತೊಂಬತ್ತು ವಯಸ್ಸು.
ಕೊನೆಯ ಸಾಲಿನಲ್ಲಿ ಯಂತ್ರ ಹಿಡಿದು ಕೂರುವವರು
ಅವನ ತೋಳಿಗೆ ಎಪ್ಪತ್ತು ಅಂಕ ಕೊಟ್ಟರು, ಹಿಡಿತಕ್ಕೆ ನಲವತ್ತು.
ಕಾಲುಚೀಲವನ್ನು ಬುಟ್ಟಿಗೆ ಹಾಕುವ ಮುಂಚೆ
ಒಳಮೈ ಹೊರಮೈ ಸರಿಮಾಡುವವನು ಅವನೊಬ್ಬನೇ.
ಅದಕ್ಕೆ ಅಂಕದ ಕಾಲಂ ಇರಲಿಲ್ಲ.

ಇಂಗ್ಲಿಷು ಕಲಿತದ್ದು ಇಲ್ಲೇ, ಡ್ರೈಯರಿಗೆ ಬೆನ್ನು ಕೊಟ್ಟು,
ಅಂಗಿಯ ಕೊರಳಪಟ್ಟಿಯ ಚೀಟಿಗಳನ್ನು ಓದಿ ಓದಿ:
ತಣ್ಣೀರಿನಲ್ಲಿ ಒಗೆಯಿರಿ. ಹಿಂಡಬೇಡಿ.
ನೆರಳಿನಲ್ಲಿ ಒಣಗಿಸಿ. ಕಡಿಮೆ ಶಾಖ.
ಜೂನಿನ ಒಂದು ರಾತ್ರಿ ಮ್ಯಾನೇಜರ್ ಬಾಗಿಲು ತೆರೆದು ಕರೆದ,
ಬಾಗಿಲು ತೆರೆದೇ ಇದ್ದರೆ ಒಳ್ಳೆಯ ಸುದ್ದಿ.
ಬೆಳಗಾಗುವಷ್ಟರಲ್ಲಿ ಹುಡುಗ ಮೇಲಿನ ತಂಡದ ಊರಿಗೆ ಹೋಗಿದ್ದ.
ಅರ್ಧ ಸೀಸೆ ಖಾರದ ಸಾಸು ಉಳಿದಿತ್ತು.
ಅವನ ಕಪಾಟಿನ ಹೆಸರಿನ ಪಟ್ಟಿ ಕಿತ್ತೆ:
ಕೆಳಗೆ ಇನ್ನೊಬ್ಬನ ಅಂಟು, ಅದರ ಕೆಳಗೆ ಮತ್ತೊಬ್ಬನದು.

ಆಮೇಲೆ ಪತ್ರಿಕೆಯ ಇರುವೆಸಾಲಿನಂಥ ಅಕ್ಷರದಲ್ಲಿ ಹುಡುಕಿದೆ.
ಪನ್ಯಾಗ್ವಾ, ಆರು ಇನಿಂಗ್ಸ್, ಒಂದು ರನ್.
ಪನ್ಯಾಗ್ವಾ, ಎರಡು ಇನಿಂಗ್ಸ್.
ಮತ್ತೆ ಆ ಜಾಗದಲ್ಲಿ ಬೇರೆ ಹೆಸರು.

ಮುಂಗೈಯ ನರ ತೆಗೆದು ಮೊಣಕೈಗೆ ಹೊಲಿದರಂತೆ.
ನನಗೆ ಅರ್ಥವಾಗುತ್ತದೆ,
ಅಂಗಿಯ ಅಂಚು ಕತ್ತರಿಸಿ ಕಂಕುಳಿಗೆ ತೇಪೆ ಹಾಕುವವಳು ನಾನು.
ತೇಪೆ ನಿಲ್ಲುತ್ತದೆ; ಬಟ್ಟೆ ಅದರ ಪಕ್ಕದಲ್ಲೇ ಹರಿಯುತ್ತದೆ.

ಎರಡು ವರ್ಷ ಬಿಟ್ಟು ಮೇ ತಿಂಗಳಲ್ಲಿ ಇಲ್ಲಿಗೇ ಬಂದ.
ಗಡ್ಡ ಬಂದಿತ್ತು. ಚೆಂಡು ತೊಂಬತ್ತರ ಮೇಲೆ ಏರಲಿಲ್ಲ.
ಯಂತ್ರದವರು ನಾಲ್ಕನೇ ಇನಿಂಗ್ಸಿಗೇ ಕಡಲೆಕಾಯಿ ತರಲು ಎದ್ದರು.
"ಈ ಕೈಗೂ ಒಂದು ಚೀಟಿ ಹೊಲಿದಿರಬೇಕಿತ್ತು, ಲುವೆಲ್ಲಾ,
ಹಿಂಡಬೇಡಿ ಅಂತ."
ಇಬ್ಬರೂ ನಕ್ಕೆವು. ಡ್ರೈಯರ್ ಸದ್ದು ಮಾಡುತ್ತಿತ್ತು.

ಆಗಸ್ಟಿನಲ್ಲಿ ಬಾಗಿಲು ಮುಚ್ಚಿ ಮಾತಾಡಿದರು.
ಅಂಗಿಯನ್ನು ತಾನೇ ಮಡಿಸಿ ತಂದ, ನಂಬರು ಮೇಲೆ ಕಾಣುವಂತೆ.
"ಇದು ಕೊಳೆಯಾಗಿಲ್ಲ," ಅಂದ.
ಹೊರಗೆ ಟ್ಯಾಕ್ಸಿಯವನು ಹಾರ್ನು ಹೊಡೆಯುತ್ತಿದ್ದ.
"ಆದರೂ ಒಗಿ."

ಒಗೆದೆ. ತಣ್ಣೀರಿನಲ್ಲಿ.

ಜೇಬುಗಳಲ್ಲಿ ಸೂರ್ಯಕಾಂತಿ ಬೀಜ ಸಿಗುತ್ತವೆ, ಎಲ್ಲರದರಲ್ಲೂ;
ಆಟದುದ್ದಕ್ಕೂ ಜಗಿದು ಉಗಿಯುವವು, ಉಪ್ಪು ಹಾಕಿ ಹುರಿದವು.
ಹುರಿದ ಬೀಜ ಮೊಳೆಯುವುದಿಲ್ಲವೆಂದು
ವೆಂಡೆಲನ ಹೆಂಡತಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಆದರೂ ಕಸದ ಬುಟ್ಟಿಗೆ ಕೈ ಹೋಗುವುದಿಲ್ಲ,
ಹಿಂದಿನ ಚರಂಡಿಯ ಪಕ್ಕದ ಮಣ್ಣಿಗೆ ಕೊಡವುತ್ತೇನೆ.
ಗುಬ್ಬಿಗಳು ಕಾದಿರುತ್ತವೆ.

ಸೋಮವಾರ ಹೊಸಬ ಬಂದ, ನೆಬ್ರಾಸ್ಕಾದವನು,
ಇನ್ನೂ ಅಮ್ಮ ಕತ್ತರಿಸಿದ ಕೂದಲು.
ನಲವತ್ತೊಂದು ತೊಟ್ಟು ಭುಜ ಕುಣಿಸಿ ನೋಡಿದ:
"ಬಲಗಡೆ ಸ್ವಲ್ಪ ಸಡಿಲ ಅಲ್ಲವಾ?"
ಅಂಗಿ ಹಾಗೇ ಇದೆ ಅಂದೆ.
ಹೆಸರು ಕೇಳಿ, ಪಟ್ಟಿಯ ಮೇಲೆ ಬರೆದೆ.