ಒಂದು ದಿನದ ಚೀಟಿ

ಸಿಬ್ಬಂದಿಗೆ ವರ್ಷಕ್ಕೊಂದು ಪಾಸ್‌ವರ್ಡ್,
ಬಂದುಹೋಗುವವರಿಗೆ ಸಂಜೆ ಐದೂವರೆಗೆ ಸಾಯುವಂಥದು.
ಬರೆದು ಕೊಡುವವಳು ನಾನು, ಕೋಡಿಬಾಗದ ಕಡಲಕೇಂದ್ರದ ಬಾಗಿಲಲ್ಲಿ.

ಪುಣೆಯ ಹುಡುಗಿ, ಏಡಿಮರಿಗಳ ಮೇಲೆ ಸಂಶೋಧನೆ,
ಭರತಿ ಎಷ್ಟು ಹೊತ್ತಿಗೆಂದು ವೈಫೈಯಲ್ಲಿ ಹುಡುಕುತ್ತಿದ್ದಳು.
ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.
ರೋಹಿದಾಸ ಬಾನಾವಳಿ ಧಕ್ಕೆಯ ಕಂಬಕ್ಕಂಟಿದ ಕೆಸರು ನೋಡಿ
‘ಹನ್ನೊಂದೂಕಾಲು. ಬೂಟು ಬಿಚ್ಚಿ’ ಎಂದ.

ಹತ್ತೊಂಬತ್ತು ವರ್ಷ ಇವರ ಬಲೆ, ಬಾಟಲಿ, ಒಮ್ಮೊಮ್ಮೆ ವಾಂತಿ,
ಎಲ್ಲ ಹೊತ್ತು ಅವನ ದೋಣಿ ಕಾಳಿಯ ಅಳಿವೆ ದಾಟಿದೆ.
ನನ್ನ ಪುಸ್ತಕದಲ್ಲಿ ಅವನಿನ್ನೂ ‘ಸಂದರ್ಶಕ’.
ದಿನಾ ಹೊಸ ಅಂಕಿ, ದಿನಾ ಚೀಟಿ. ನಿಯಮ.

ಅವನದೋ ಗುಂಡಿ ಒತ್ತುವ ಫೋನು,
ವೈಫೈ ಅದಕ್ಕೆ ಹತ್ತುವುದೂ ಇಲ್ಲ.
ಚೀಟಿ ಮಾತ್ರ ತಪ್ಪದೆ ಕೇಳಿ ಪಡೆದು
ಹೊಗೆಸೊಪ್ಪು ಕಟ್ಟಿ
ಟೋಪಿಯೊಳಗೆ ಸಿಕ್ಕಿಸುತ್ತಾನೆ,
ಒದ್ದೆಯಾಗಬಾರದಲ್ಲ.