ಎಡಕ್ಕೊಂದು ವೃತ್ತ

ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ,
ಮದುವೆಗೆ ಎರಡು ಗೆರೆ,
ಸತ್ತವರ ಮೈಮೇಲೊಂದು ಓರೆಗೀಟು.
ಧಾರವಾಡದಲ್ಲಿ ಹಂಚಿನಾಳ ಮೇಡಂ
ಬಂಧುತ್ವ ಕಲಿಸಿದ್ದು ಹೀಗೆ,
ಸೀಮೆಸುಣ್ಣ ಮುರಿಯುವವರೆಗೆ.

ಹಾಳೆ ಮಡಚಿಕೊಂಡು ಹೊಂಬಳಕ್ಕೆ ಬಂದೆ.
ಅಪ್ಪ ಹೆಳವ. ಎತ್ತಿನ ಮೇಲೆ ಕೂತು
ಕಂಡವರ ಏಳು ತಲೆಮಾರು ಹೇಳಿ
ಜೋಳ ತಂದು ನನ್ನ ಫೀ ಕಟ್ಟಿದವನು.
ಕನ್ನಡಕ ಏರಿಸಿ ನೋಡಿದ:
"ಬರದ ವರ್ಷ ಊರು ಬಿಟ್ಟಾಂವ
ಯಾವ ಹೊಳಿ ದಾಟಿದಾ?
ಯಾರ ಎತ್ತು ಯಾರು ಹೊಡಕೊಂಡು ಹೋದ್ರು?
ಇದರಾಗ ಇಲ್ಲಲ್ಲ?"
ಅದು ಅಡಿಟಿಪ್ಪಣಿ, ಅಂದೆ.
ನಕ್ಕ.

ನಿನ್ನ ಹೊತ್ತಿಗಿಯೊಳಗ
ಹೆಣ್ಣಮಕ್ಕಳ ಹೆಸರ ಯಾಕಿಲ್ಲ?
ಅಪ್ಪ ಎತ್ತಿನ ಗಂಟೆ ಒರೆಸುತ್ತ ಕೂತ.
ಬಹಳ ಹೊತ್ತು.

ರೊಟ್ಟಿ ಬಡಿಯುವುದು ನಿಲ್ಲಿಸದೆ
ಒಲೆಯ ಮುಂದಿನಿಂದ ಅವ್ವ:
"ನಿನ್ನ ಮುಂಚೆ ಒಬ್ಬಾಕಿ ಇದ್ಲು. ಮೂರು ದಿನ.
ತೊಟ್ಲಾಗ ಹಾಕೂಕಿಂತ ಮೊದಲ ಹೋದ್ಲು."

ಪೆನ್ಸಿಲ್ ಚೂಪು ಮಾಡಿದೆ.
ನನ್ನ ಎಡಕ್ಕೊಂದು ವೃತ್ತ.
ಗೀಟು ಎಳೆಯಹೋದರೆ ಅಪ್ಪ ಕೈ ಹಿಡಿದ:
"ತಡಿ. ಮೊದಲ ಹೆಸರ ಬರಿ."
ಏನಂತ?
ಹಂಚಿನ ಮೇಲೆ ರೊಟ್ಟಿ ಹೊತ್ತಿತು.

ಸೋಮವಾರ ಮೇಡಂ
ಕೆಂಪು ಪೆನ್ನಿನಿಂದ ತಾವೇ ಗೀಟು ಎಳೆದರು.
ಅರ್ಧ ಅಂಕ ಹೋಯಿತು.