ಕೆಳದಾರ

ಗೋಣಿಕೊಪ್ಪದ ಮೇನ್ ರೋಡಿನಲ್ಲಿ
ಹಾರ್ಡ್‌ವೇರ್ ಅಂಗಡಿಯ ಮೇಲಿನ ನನ್ನ ಕೋಣೆಗೆ
ಹದಿನಾಲ್ಕು ಮೆಟ್ಟಿಲು.
ಇಪ್ಪತ್ತಾರು ವರ್ಷ ಎಣಿಸಿರಲಿಲ್ಲ.

ಈಗ ಒಂಬತ್ತನೆಯದರಲ್ಲಿ ನಿಲ್ಲುತ್ತೇನೆ.
ಕೆಳಗೆ ಮೊಳೆ ತೂಗುವ ಸದ್ದು.
ಸೊಂಟದಲ್ಲಿ ಹೊರಟದ್ದು
ತೊಡೆಯ ಹಿಂಬದಿ ಹಿಡಿದು, ಮೀನಖಂಡದ ಹೊರಮೈ ಸುಟ್ಟು
ಕಿರುಬೆರಳಿಗೆ ಬಂದು ಮರಗಟ್ಟಿ ಕೂರುತ್ತದೆ.
ಬಟ್ಟೆಯ ಒಂದೇ ಎಳೆಯನ್ನು ಯಾರೋ
ಒಳಗಿಂದ ಎಳೆದರೆ
ಇಡೀ ಬಟ್ಟೆ ಮುದುರುತ್ತದಲ್ಲ,
ಹಾಗೆ.

ಮೈಸೂರಿನಲ್ಲಿ ತೆಗೆಸಿದ ಸ್ಕ್ಯಾನನ್ನು
ವಿರಾಜಪೇಟೆಯ ಡಾಕ್ಟರು ಬೆಳಕಿಗೆ ಹಿಡಿದರು.
ನನಗೆ ಕಂಡದ್ದು ಗುಂಡಿಪಟ್ಟಿ.
'ನಾಲ್ಕಕ್ಕೂ ಐದಕ್ಕೂ ನಡುವಿನದು ಹೊರಗೆ ಜಾರಿದೆ,
ನರವನ್ನು ಒತ್ತುತ್ತಿದೆ.'
ಕಾಜ ಸಡಿಲವಾಗಿದೆ ಅನ್ನಿ, ಅಂದೆ.
ಅವರು ನಗಲಿಲ್ಲ. ಏನು ಕೆಲಸ ಎಂದರು.
ಕೂತು ಮಾಡುವ ಕೆಲಸ.
'ಹೆಚ್ಚು ಕೂರಬೇಡಿ' ಎಂದು ಬರೆದುಕೊಟ್ಟರು.

ಆಮೇಲೆ ಊರೆಲ್ಲ ವೈದ್ಯರು.
ಕಾಲು ಮುಂದಾಗಿ ಹುಟ್ಟಿದವರು
ಮೂರು ಸಲ ಒದ್ದರೆ ಹೋಗುತ್ತದೆ ಎಂದಳು ಬೊಳ್ಳವ್ವ.
ಹುಡುಕಿದರೆ ಅಂಥವರು ಸಿಕ್ಕಿದ್ದು ಒಬ್ಬರೇ:
ಮೀನಿನ ಮೊಯ್ದು.
ಶನಿವಾರ ಮತ್ತಿ ಮುಗಿಸಿ ಬಂದ,
ಚಪ್ಪಲಿ ಬಿಟ್ಟ, ಕಾಲು ತೊಳೆದ,
ಮುಖ ಆಚೆ ತಿರುಗಿಸಿ
ಮಲಗಿದ ಮಗುವನ್ನು ದಾಟುವಷ್ಟು ಹಗುರಾಗಿ
ಮೂರು ಸಲ ಮುಟ್ಟಿಸಿದ.
'ತಪ್ಪು ತಿಳ್ಕೋಬೇಡಿ ವಿಲಾಸಿನಿ ಅಕ್ಕ' ಎಂದು
ನಾಲ್ಕು ಸಲ ಹೇಳಿದ.
ನೋವು ಹೋಗಲಿಲ್ಲ.
ನಕ್ಕದ್ದಕ್ಕೆ ಎರಡು ದಿನ ಹೆಚ್ಚೇ ಆಯಿತು.

ರಾತ್ರಿ ಮಂಡಿಗಳ ನಡುವೆ ದಿಂಬು.
ಮಗ್ಗುಲು ಬದಲಿಸುವುದಕ್ಕೂ ಈಗ ಕಟಿಂಗ್ ಬೇಕು:
ಮೊದಲು ಗುರುತು ಹಾಕಬೇಕು, ಭುಜ ಎಲ್ಲಿ, ಸೊಂಟ ಎಲ್ಲಿ,
ಆಮೇಲೆ ಉಸಿರು ಬಿಟ್ಟು
ಒಟ್ಟಿಗೇ ಹೊರಳಬೇಕು.
ಅವಸರ ಮಾಡಿದರೆ ಬಟ್ಟೆ ಹಾಳು.

ಕೊಡವತಿಯರ ಸೀರೆಗೆ ನೆರಿಗೆ ಹಿಂದೆ.
ಕಾವೇರಿಯ ರಭಸಕ್ಕೆ ಹಿಂದೆ ಸರಿದದ್ದಂತೆ.
ನಾನು ಆ ಪೈಕಿ ಅಲ್ಲ,
ನಮ್ಮಪ್ಪ ವಡಕರೆಯಿಂದ ಕತ್ತರಿ ಹಿಡಿದು
ಘಟ್ಟ ಹತ್ತಿದವನು.
ರವಿಕೆಯ ಅಳತೆಗೆ ಅವರ ಬೆನ್ನ ಹಿಂದೆ ನಿಂತೇ
ನನಗೆ ವಯಸ್ಸಾಯಿತು.
ಆ ನೆರಿಗೆಯ ಜಾಗ, ಅಲ್ಲೇ ನನ್ನದೂ ಹೊರಡುವುದು.
ಮೊನ್ನೆ ಟೇಪು ಇಟ್ಟಾಗ ಬ್ಯಾಂಕಿನ ದೇಚಮ್ಮ
ಉಸಿರು ಹಿಡಿದಳು.
'ನಿಮಗೂ?' ಅಂದೆ.
'ಎಡಗಾಲು' ಅಂದಳು.
ನಾನು ಬಲಗಾಲು ಅಂದೆ.
ಎರಡು ಸೇರಿದರೆ ಒಬ್ಬರಿಗೆ ಸಾಕಾಗುತ್ತದೆ
ಎಂದು ಇಬ್ಬರೂ ನಿಂತುಕೊಂಡೇ ಟೀ ಕುಡಿದೆವು.

ಮಿಷನ್ನಿಗೆ ಮೋಟಾರು ಹಾಕಿಸಿದ್ದೇನೆ.
ಕಾಲಿಗೆ ಕೆಲಸ ಕಮ್ಮಿ.
ಆದರೆ ಆಷಾಢದ ಗಾಳಿಗೆ ಎಲ್ಲೋ ಮರ ಬಿದ್ದು
ಮೂರು ದಿನದಿಂದ ಕರೆಂಟಿಲ್ಲ,
ನಾಡಿದ್ದು ಮದುವೆ, ಏಳು ರವಿಕೆ ಬಾಕಿ.
ಕೆಲಸ ಕಲಿಯಲು ಬರುವ ಜಸೀಲಾ
ಹಳೆಯ ಬೆಲ್ಟು ಹುಡುಕಿ ಸಿಕ್ಕಿಸಿದಳು.
'ನಾನು ತುಳೀತೇನೆ, ನೀವು ನಿಂತು ಬಟ್ಟೆ ಹಿಡಿಯಿರಿ.'

ಮೊದಲ ತೋಳು ಸೊಟ್ಟ.
ಬಿಚ್ಚಿದೆವು.
ಎರಡನೆಯದಕ್ಕೆ ದಾರ ಮೂರು ಸಲ ತುಂಡಾಯಿತು.
ಅವಳ ಕಾಲಿಗೆ ನನ್ನ ಕೈ ಗೊತ್ತಿಲ್ಲ,
ನನ್ನ ಕೈಗೆ ಇಷ್ಟು ದಿನ
ಇನ್ನೊಂದು ಕಾಲು ಇರಬಹುದೆಂದೇ ಗೊತ್ತಿರಲಿಲ್ಲ.
ನಿಧಾನ, ಕಂಕುಳ ತಿರುವು ಬಂತು, ಅಂದರೆ
ನಿಧಾನ ಮಾಡುತ್ತಾಳೆ.
ಈಗ ಬಿಡು, ಅಂದರೆ ಬಿಡುತ್ತಾಳೆ.

ಮೇಣದ ಬತ್ತಿಗೆ ಇನ್ನು ಎರಡು ಇಂಚು.
ಸ್ಟೂಲಿನ ಪಕ್ಕದಲ್ಲಿ
ನನ್ನ ಬಲಗಾಲಿನ ಕಿರುಬೆರಳು,
ಮರಗಟ್ಟಿದ್ದು,
ಬರಿಯ ನೆಲವನ್ನು ತುಳಿಯುತ್ತಿದೆ.